ಹಾರ್ಡ್‌ಡಿಸ್ಕ್‌ನ ಲೆಕ್ಕ ತಿಳಿದು ಪಾರ್ಟಿಷನ್ ಹಾಕುವ ಬಗೆ

ಮಂಡ್ಯ ಜಿಲ್ಲೆಯಲ್ಲಿ ಕಬ್ಬಿನ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಕೋಣೆಗಳಲ್ಲಿ, ಮೈಸೂರಿನ ಹಳೆಯ ಮುದ್ರಣಾಲಯಗಳ ಡಿಟಿಪಿ ಮೇಜುಗಳ ಮೇಲೆ ವಿಂಡೋಸ್ ಎಕ್ಸ್‌ಪಿ ಓಡಿಸುವ ಕಂಪ್ಯೂಟರ್‌ಗಳು ಈಗಲೂ ಕಣ್ಣಿಗೆ ಬೀಳುತ್ತವೆ. ತೂಕದ ತಂತ್ರಾಂಶ ಹೊಸ ವಿಂಡೋಸ್‌ನಲ್ಲಿ ಏಳುವುದಿಲ್ಲ, ಹಳೆಯ ಫಾಂಟಿನಲ್ಲಿ ಕಟ್ಟಿದ ಪುಟಗಳು ಬೇರೆಡೆ ಸರಿಯಾಗಿ ತೆರೆಯುವುದಿಲ್ಲ. ಹಾಗಾಗಿ ಯಂತ್ರವನ್ನು ಉಳಿಸಿಕೊಂಡು, ಸತ್ತ ಡಿಸ್ಕ್ ಜಾಗಕ್ಕೆ ಇನ್ನೊಂದನ್ನು ತಂದು ಹಾಕುತ್ತಾರೆ. ಆಮೇಲೆ ಶುರುವಾಗುವ ದೂರು ಬಹುತೇಕ ಒಂದೇ. “ಸರ್, ಹೊಸ ಡಿಸ್ಕ್ ಹಾಕಿಸಿದ ಮೇಲೆ ಮೊದಲಿಗಿಂತ ನಿಧಾನವಾಗಿದೆ. ಒಂದು ಲಾರಿಯ ಚೀಟಿ ಬರುವಷ್ಟರಲ್ಲಿ ಹಿಂದಿನವನು ಹಾರ್ನ್ ಹೊಡೆಯಲು ಶುರು ಮಾಡುತ್ತಾನೆ” ಎಂದು ಮದ್ದೂರಿನ ಕಡೆಯ ಗುಮಾಸ್ತರೊಬ್ಬರು ಹೇಳಿದ್ದರು. ಡಿಸ್ಕ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಪಾರ್ಟಿಷನ್, ಅಂದರೆ ಡಿಸ್ಕ್‌ನಲ್ಲಿ ಗಡಿ ಹಾಕಿ ಮಾಡಿದ ಪಾಲು, 63ನೇ ಸೆಕ್ಟರ್‌ನಿಂದ ಆರಂಭವಾಗಿತ್ತು, ಅಷ್ಟೇ.

ಈ 63 ಎಲ್ಲಿಂದ ಬಂತು, ಅದರ ಬದಲು ಏನನ್ನು ಬರೆಯಬೇಕು, ಯಾವ ಡಿಸ್ಕ್‌ಗೆ ಯಾವ ಬಗೆಯ ಪಾರ್ಟಿಷನ್ ಪಟ್ಟಿ ಹೊಂದುತ್ತದೆ ಎಂಬುದನ್ನು ಮುಂದೆ ಹಂತ ಹಂತವಾಗಿ ಹೇಳಿದ್ದೇನೆ. ಹೊಸ ಲ್ಯಾಪ್‌ಟಾಪ್ ಕೊಂಡು, ಅದರಲ್ಲಿ ಬಂದ ವಿಂಡೋಸನ್ನು ಹಾಗೆಯೇ ಬಳಸುವವರಿಗೆ ಇದರಿಂದ ಪ್ರಯೋಜನ ಕಡಿಮೆ. ಹಳೆಯ ಯಂತ್ರಕ್ಕೆ ಹೊಸ ಡಿಸ್ಕ್, ಹೊಸ ಯಂತ್ರಕ್ಕೆ ಹಳೆಯ ಡಿಸ್ಕ್, ಒಂದೇ ಡಿಸ್ಕ್‌ನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇವುಗಳಲ್ಲಿ ಯಾವುದಕ್ಕಾದರೂ ಕೈ ಹಾಕುವವರು ಓದಲಿ.

63ರ ಮೂಲ

ಹಾರ್ಡ್‌ಡಿಸ್ಕ್ ಒಳಗೆ ಕೆಲವೇ ತಟ್ಟೆಗಳು ತಿರುಗುತ್ತಿರುತ್ತವೆ. ತಟ್ಟೆಯ ಒಂದೊಂದು ಮುಖಕ್ಕೂ ಓದಿ ಬರೆಯುವ ಒಂದೊಂದು ಹೆಡ್ ಇರುತ್ತದೆ. ಹೆಡ್ ಒಂದೆಡೆ ನಿಂತರೆ ಅದರ ಕೆಳಗೆ ಹಾಯುವ ವೃತ್ತವೇ ಟ್ರ್ಯಾಕ್. ಎಲ್ಲ ಮುಖಗಳಲ್ಲೂ ನಡುವಿನಿಂದ ಒಂದೇ ದೂರದಲ್ಲಿರುವ ಟ್ರ್ಯಾಕ್‌ಗಳನ್ನು ಸೇರಿಸಿ ಸಿಲಿಂಡರ್ ಎನ್ನುತ್ತಾರೆ. ಟ್ರ್ಯಾಕಿನ ಒಂದು ತುಂಡು ಸೆಕ್ಟರ್. ಹಿಂದೆ ಅದರ ಅಳತೆ 512 ಬೈಟ್. 1980ರ ದಶಕದ ಪಿಸಿಯಲ್ಲಿ ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಯಾವುದೇ ಮಾಹಿತಿಯನ್ನು ಕೇಳುತ್ತಿದ್ದುದು ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಸಂಖ್ಯೆಗಳಿಂದ; ಕುವೆಂಪುನಗರದಲ್ಲಿ ಮನೆ ಹುಡುಕುವವರು ಬ್ಲಾಕ್, ಕ್ರಾಸ್, ಮನೆ ಸಂಖ್ಯೆ ಹೇಳಿ ದಾರಿ ಕೇಳುವ ಹಾಗೆ.

ಬಯಾಸ್ ಸಿಲಿಂಡರ್‌ಗೆ 10 ಬಿಟ್, ಹೆಡ್‌ಗೆ 8 ಬಿಟ್, ಸೆಕ್ಟರ್‌ಗೆ 6 ಬಿಟ್ ಜಾಗ ಕೊಟ್ಟಿತ್ತು. ಸೆಕ್ಟರ್‌ಗಳ ಎಣಿಕೆ 1ರಿಂದ ಆರಂಭವಾಗುವುದರಿಂದ ಒಂದು ಟ್ರ್ಯಾಕಿನಲ್ಲಿ ಹೆಚ್ಚೆಂದರೆ 63. ಡಾಸ್ ಕಾಲದ ರೂಢಿಯಂತೆ ಮೊದಲ ಟ್ರ್ಯಾಕ್ ಪೂರ್ತಿಯಾಗಿ ಮಾಸ್ಟರ್ ಬೂಟ್ ರೆಕಾರ್ಡ್‌ಗೆ (ಎಂಬಿಆರ್, ಪಾರ್ಟಿಷನ್‌ಗಳ ಪಟ್ಟಿ ಇರುವ ಜಾಗ) ಮೀಸಲು. ಮೊದಲ ಪಾರ್ಟಿಷನ್ ಮುಂದಿನ ಟ್ರ್ಯಾಕಿನಿಂದ ಹೊರಡುತ್ತದೆ, ಅಂದರೆ ಸೊನ್ನೆಯಿಂದ ಎಣಿಸಿದರೆ 63ನೇ ಸೆಕ್ಟರ್‌ನಿಂದ. ಎಕ್ಸ್‌ಪಿ ಇಂದಿಗೂ ಅದೇ ರೂಢಿಯನ್ನು ಪಾಲಿಸುತ್ತದೆ.

ಐಡಿಇ (ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಹಳೆಯ ವಿಧಾನ) ಡಿಸ್ಕ್‌ಗಳ ಕಡೆಯಿಂದ ಇನ್ನೊಂದು ಕಟ್ಟುಪಾಡು ಬಂತು. ಅವು 16ಕ್ಕಿಂತ ಹೆಚ್ಚು ಹೆಡ್ ಹೇಳುವಂತಿರಲಿಲ್ಲ. ಎರಡೂ ಕಡೆಯ ಚಿಕ್ಕ ಮಿತಿಗಳನ್ನು ಹಿಡಿದರೆ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್. ಗುಣಿಸಿದರೆ ಸುಮಾರು 528 ಎಂಬಿ. ಡಿಸ್ಕ್ ಅದಕ್ಕಿಂತ ದೊಡ್ಡದಾದಾಗ ಬಯಾಸ್ ಒಂದು ಸುಳ್ಳು ಲೆಕ್ಕವನ್ನು ಹೂಡಿತು. ಸಿಲಿಂಡರ್ ಕಡಿಮೆ, ಹೆಡ್ ಜಾಸ್ತಿ ಎಂದು ಹೇಳುತ್ತಾ 255 ಹೆಡ್‌ವರೆಗೆ ಏರಿಸಿತು. ಅದೂ 8.4 ಜಿಬಿಗೆ ಮುಗಿಯಿತು. ಆಮೇಲೆ ಬಂದದ್ದು ಎಲ್‌ಬಿಎ: ಸೆಕ್ಟರ್‌ಗಳಿಗೆ ಸೊನ್ನೆಯಿಂದ ಆರಂಭಿಸಿ ಒಂದೇ ಸಾಲಿನ ಕ್ರಮಸಂಖ್ಯೆ.

8.4 ಜಿಬಿಗಿಂತ ದೊಡ್ಡದಾದ ಐಡಿಇ, ಅದರ ನಂತರ ಬಂದ ಸಾಟಾ ಡಿಸ್ಕ್‌ಗಳನ್ನು ಹಳೆಯ ರೀತಿಯಲ್ಲಿ ಕೇಳಿದರೆ ಅವು ಕೊಡುವ ಉತ್ತರ 16383 ಸಿಲಿಂಡರ್, 16 ಹೆಡ್, 63 ಸೆಕ್ಟರ್. ಡಿಸ್ಕ್ ದೊಡ್ಡದು, ಎಲ್‌ಬಿಎಯಲ್ಲೇ ಕೇಳಿ ಎಂದು ಅದರ ತಾತ್ಪರ್ಯ. ಪಾರ್ಟಿಷನ್ ಮಾಡುವ ಹಳೆಯ ತಂತ್ರಾಂಶ ಎಫ್‌ಡಿಸ್ಕ್ ಅಂಥದೊಂದು 500 ಜಿಬಿ ಡಿಸ್ಕನ್ನು 255 ಹೆಡ್, 63 ಸೆಕ್ಟರ್, 60801 ಸಿಲಿಂಡರ್ ಎಂದು ತೋರಿಸುತ್ತದೆ. 255 ಹೆಡ್ ನಿಜವಾಗಿದ್ದರೆ ಒಳಗೆ 128 ತಟ್ಟೆ ಬೇಕು. ಅಂಥ ಡಿಸ್ಕನ್ನು ಕ್ಯಾಬಿನೆಟ್‌ನಲ್ಲಿ ಇಡುವ ಮಾತಿರಲಿ, ಎತ್ತುವುದೂ ಕಷ್ಟ. ಅಲ್ಲದೆ ಹೊರ ಅಂಚಿನ ಟ್ರ್ಯಾಕ್ ಉದ್ದವಾದ್ದರಿಂದ ಅದರಲ್ಲಿ ಸೆಕ್ಟರ್‌ಗಳು ಹೆಚ್ಚು, ಒಳಗಿನದರಲ್ಲಿ ಕಡಿಮೆ. ಇಡೀ ಡಿಸ್ಕ್‌ಗೆ ಟ್ರ್ಯಾಕಿಗಿಷ್ಟು ಸೆಕ್ಟರ್ ಎಂಬ ಒಂದೇ ಸಂಖ್ಯೆ ಇರಲು ಸಾಧ್ಯವೇ ಇಲ್ಲ.

ಹೀಗಾಗಿ ನನ್ನ ಸಲಹೆ ಇಷ್ಟು. ಪರದೆಯ ಮೇಲೆ ಕಾಣುವ ಸಿಲಿಂಡರ್, ಹೆಡ್ ಸಂಖ್ಯೆಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ನಂಬಬೇಕಾದದ್ದು ಎರಡನ್ನು: ಒಟ್ಟು ಸೆಕ್ಟರ್‌ಗಳ ಸಂಖ್ಯೆ ಮತ್ತು ಸೆಕ್ಟರ್‌ನ ನಿಜವಾದ ಅಳತೆ. ಎಡವಟ್ಟಾಗುವುದು ಈ ಎರಡನೆಯದರಲ್ಲಿ.

512 ಬೈಟ್ ಎಂದು ಹೇಳುವ 4096 ಬೈಟ್

2011ರಿಂದ ಈಚೆಗೆ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಡಿಸ್ಕ್‌ಗಳ ತಯಾರಕರು ಹೊಸ ಮಾದರಿಗಳಲ್ಲಿ 4096 ಬೈಟಿನ ಸೆಕ್ಟರ್‌ಗೆ ಹೊರಳಿದರು. ಇದನ್ನು ಅಡ್ವಾನ್ಸ್ಡ್ ಫಾರ್ಮ್ಯಾಟ್ ಎನ್ನುತ್ತಾರೆ. ದೊಡ್ಡ ಸೆಕ್ಟರ್‌ನಲ್ಲಿ ತಪ್ಪು ತಿದ್ದುವ ಸಂಕೇತಕ್ಕೆ ವ್ಯಯವಾಗುವ ಜಾಗ ಉಳಿಯುತ್ತದೆ, ತಿದ್ದುವ ಶಕ್ತಿಯೂ ಹೆಚ್ಚುತ್ತದೆ. ಹಳೆಯ ಆಪರೇಟಿಂಗ್ ಸಿಸ್ಟಂಗಳು ಗಾಬರಿಯಾಗದಿರಲಿ ಎಂದು ಇಂಥ ಬಹುಪಾಲು ಡಿಸ್ಕ್‌ಗಳು ಹೊರಗೆ ಮಾತ್ರ 512 ಎಂದೇ ಹೇಳಿಕೊಳ್ಳುತ್ತವೆ.

ಒಳಗಿನ ಒಂದು ಸೆಕ್ಟರ್ ಎಂದರೆ ಹೊರಗಿನ 8 ಸೆಕ್ಟರ್. ಪಾರ್ಟಿಷನ್ 63ರಿಂದ ಹೊರಟರೆ 63 ಅನ್ನು 8ರಿಂದ ಭಾಗಿಸಿ ನೋಡಿ, 7.875 ಬರುತ್ತದೆ. ಪಾರ್ಟಿಷನ್‌ನ ಗಡಿ ಒಂದು ಭೌತಿಕ (ಒಳಗಿನ ನಿಜವಾದ) ಸೆಕ್ಟರ್‌ನ ನಡುವೆ ಬಿದ್ದಿದೆ. ವಿಂಡೋಸ್ ಕಡತಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ವ್ಯವಸ್ಥೆ ಸಾಮಾನ್ಯವಾಗಿ 4096 ಬೈಟಿನ ಕ್ಲಸ್ಟರ್ ಎಂಬ ತುಂಡುಗಳಲ್ಲಿ ಬರೆಯುತ್ತದೆ; ಈಗ ಪ್ರತಿ ಕ್ಲಸ್ಟರ್ ಎರಡು ಭೌತಿಕ ಸೆಕ್ಟರ್‌ಗಳ ಮೇಲೆ ಕಾಲು ಚಾಚಿ ಕೂತಿರುತ್ತದೆ. ಒಂದು ಕ್ಲಸ್ಟರ್ ಬರೆಯಲು ಡಿಸ್ಕ್ ಮೊದಲು ಎರಡೂ ಸೆಕ್ಟರ್‌ಗಳನ್ನು ಓದಬೇಕು, ಬೇಕಾದ ಭಾಗವನ್ನು ಬದಲಿಸಬೇಕು, ಅವು ಮತ್ತೊಮ್ಮೆ ಹೆಡ್‌ನ ಕೆಳಗೆ ಬರುವವರೆಗೆ ಕಾದು ತಿರುಗಿ ಬರೆಯಬೇಕು. ನಿಮಿಷಕ್ಕೆ 7200 ಸುತ್ತುವ ಡಿಸ್ಕ್‌ನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್, 5400 ಸುತ್ತಿನದರಲ್ಲಿ 11.1. ಕೇಳಲು ಅಲ್ಪ. ಆದರೆ ತೂಕದ ತಂತ್ರಾಂಶದ ಡೇಟಾಬೇಸ್ ಒಂದು ಚೀಟಿಗೆ ಅಲ್ಲೊಂದು ಇಲ್ಲೊಂದು ಎಂದು ಹತ್ತಾರು ಚಿಕ್ಕ ಬರಹಗಳನ್ನು ಮಾಡಿದರೆ ಆ ಅಲ್ಪ ಗುಣಿಸುತ್ತಾ ಹೋಗಿ ಕಣ್ಣಿಗೆ ಕಾಣುವಷ್ಟಾಗುತ್ತದೆ. ದೊಡ್ಡ ಸಿನಿಮಾ ಕಡತವನ್ನು ನಕಲು ಮಾಡಿ ವೇಗ ಪರೀಕ್ಷಿಸುವವರಿಗೆ ಇದು ಅಷ್ಟಾಗಿ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಸಾಲಾಗಿ ಬರೆಯುವಾಗ ಡಿಸ್ಕ್ ತುಂಡುಗಳನ್ನು ಸೇರಿಸಿಕೊಂಡು ಪೂರ್ತಿ ಸೆಕ್ಟರ್‌ಗಳನ್ನೇ ಬರೆದುಬಿಡುತ್ತದೆ.

ವಿಸ್ಟಾದಿಂದ ಮುಂದಿನ ವಿಂಡೋಸ್‌ಗಳು, ಈಗಿನ ಲಿನಕ್ಸ್ ಇನ್‌ಸ್ಟಾಲರ್‌ಗಳು ಮೊದಲ ಪಾರ್ಟಿಷನ್ನನ್ನು 2048ನೇ ಸೆಕ್ಟರ್‌ನಿಂದ, ಅಂದರೆ ಸರಿಯಾಗಿ 1 ಮೆಬಿಬೈಟ್ (1048576 ಬೈಟ್) ಬಿಟ್ಟು ಆರಂಭಿಸುತ್ತವೆ. 2048 ಅನ್ನು 8ರಿಂದ ಭಾಗಿಸಿದರೆ 256, ಶೇಷವಿಲ್ಲ.

ಹಂತ 1: ಡಿಸ್ಕನ್ನೇ ಕೇಳಿ

ಮೇಲಿನ ಲೇಬಲ್ ಓದಿ. ಎಎಫ್ ಎಂಬ ಚಿಹ್ನೆ ಇದ್ದರೆ ಒಳಗೆ 4096, ಹೊರಗೆ 512. 4ಕೆಎನ್ ಎಂದಿದ್ದರೆ ಒಳಗೂ ಹೊರಗೂ 4096. ಎಲ್‌ಬಿಎ ಎಂದು ಒಂದು ಉದ್ದನೆಯ ಸಂಖ್ಯೆ ಅಚ್ಚಾಗಿರುತ್ತದೆ, ಅದೇ ಒಟ್ಟು ಸೆಕ್ಟರ್‌ಗಳ ಲೆಕ್ಕ. 512ರ ಲೆಕ್ಕದಲ್ಲಿ 500 ಜಿಬಿ ಡಿಸ್ಕ್ ಆದರೆ ಅದು 976773168, 1 ಟಿಬಿ ಆದರೆ 1953525168. ಬರೆದಿಟ್ಟುಕೊಳ್ಳಿ. ಮುಂದೆ ಕಂಪ್ಯೂಟರ್ ಇದಕ್ಕಿಂತ ಕಡಿಮೆ ಹೇಳಿದರೆ ನಡುವೆ ಯಾರೋ ನುಂಗುತ್ತಿದ್ದಾರೆ ಎಂದು ಗೊತ್ತಾಗುತ್ತದೆ.

ಲೇಬಲ್ ಹರಿದಿದ್ದರೆ ಪೆನ್‌ಡ್ರೈವ್‌ನಿಂದ ಯಾವುದಾದರೂ ಲಿನಕ್ಸ್ ಲೈವ್ (ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡದೆ ಓಡುವ ಲಿನಕ್ಸ್) ಎಬ್ಬಿಸಿ. ಟರ್ಮಿನಲ್‌ನಲ್ಲಿ ಎಫ್‌ಡಿಸ್ಕ್‌ಗೆ ಪಟ್ಟಿ ತೋರಿಸುವ ಆಯ್ಕೆ ಕೊಟ್ಟರೆ ಸೆಕ್ಟರ್ ಅಳತೆ ಎಂಬ ಸಾಲಿನಲ್ಲಿ ತಾರ್ಕಿಕ (ಹೊರಗೆ ಹೇಳುವುದು), ಭೌತಿಕ (ಒಳಗಿನದು) ಎಂದು ಎರಡು ಸಂಖ್ಯೆಗಳು ಬರುತ್ತವೆ. 512, 512 ಎಂದರೆ ಹಳೆಯ ಡಿಸ್ಕ್. 512, 4096 ಎಂದರೆ ಈಗ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು. 4096, 4096 ಎಂದರೆ ಹುಷಾರು: ಅದರಿಂದ ಬೂಟ್ ಆಗಲು ವಿಂಡೋಸ್ 8 ಅಥವಾ ಮುಂದಿನದು ಬೇಕು, ಹಳೆಯ ಬಯಾಸ್ ಜಾಗಕ್ಕೆ ಬಂದ ಯುಇಎಫ್‌ಐ ಕೂಡ ಬೇಕು. ಎಕ್ಸ್‌ಪಿ, ವಿಂಡೋಸ್ 7 ಓಡಿಸುವವರು ಅಂಥ ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಲೇಸು.

ಈ ವಿಚಾರಣೆಯನ್ನು ಯುಎಸ್‌ಬಿ ಪೆಟ್ಟಿಗೆಯ ಮೂಲಕ ಮಾಡಬೇಡಿ. ಡಿಸ್ಕನ್ನು ನೇರವಾಗಿ ಮದರ್‌ಬೋರ್ಡ್‌ನ ಸಾಟಾ ತಂತಿಗೆ ಸಿಕ್ಕಿಸಿ ಕೇಳಿ. ಕೆಲವು ಪೆಟ್ಟಿಗೆಗಳು ಒಳಗಿನ ಡಿಸ್ಕ್ ಹೇಳಿದ್ದನ್ನು ಬದಲಿಸಿ ಹೊರಗೆ ಹೇಳುತ್ತವೆ. 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಎಕ್ಸ್‌ಪಿಗೂ ಕಾಣಿಸುವ ಆಸೆಯಿಂದ ಪೆಟ್ಟಿಗೆಯ ಚಿಪ್ ತಾನೇ 4096 ಬೈಟಿನ ಸೆಕ್ಟರ್ ಎಂದು ಹೇಳಿಕೊಳ್ಳುವುದುಂಟು. ಅಂಥ ಪೆಟ್ಟಿಗೆಯಲ್ಲಿದ್ದಾಗ ಪಾರ್ಟಿಷನ್ ಮಾಡಿದ ಡಿಸ್ಕನ್ನು ಹೊರತೆಗೆದು ನೇರವಾಗಿ ಸಿಕ್ಕಿಸಿದರೆ ಪಟ್ಟಿಯಲ್ಲಿನ ಪ್ರತಿ ಸಂಖ್ಯೆಯೂ ಎಂಟನೇ ಒಂದು ದೂರವನ್ನು ತೋರಿಸುತ್ತದೆ, ಡಿಸ್ಕ್ ಖಾಲಿ ಎಂದೋ ಕೆಟ್ಟಿದೆ ಎಂದೋ ವಿಂಡೋಸ್ ಹೇಳುತ್ತದೆ, ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಬೇಡ ಎನ್ನಿ. ಡಿಸ್ಕನ್ನು ಅದೇ ಪೆಟ್ಟಿಗೆಗೆ ಮರಳಿ ಹಾಕಿದರೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಮಾಹಿತಿಯನ್ನು ಬೇರೆಡೆಗೆ ನಕಲು ಮಾಡಿಕೊಂಡ ಮೇಲಷ್ಟೇ ಡಿಸ್ಕನ್ನು ಕಂಪ್ಯೂಟರ್ ಒಳಗೆ ಇಟ್ಟು ಹೊಸದಾಗಿ ಪಾರ್ಟಿಷನ್ ಮಾಡಿ.

ಹಂತ 2: ಯಂತ್ರ ಎಲ್ಲಿಯವರೆಗೆ ಎಣಿಸುತ್ತದೆ?

ಡಿಸ್ಕ್ ಎಷ್ಟೇ ದೊಡ್ಡದಿರಲಿ, ಬಯಾಸ್ ಮತ್ತು ಆಪರೇಟಿಂಗ್ ಸಿಸ್ಟಂ ಎಣಿಸಿದಷ್ಟೇ ಸಿಗುವುದು. 1999ಕ್ಕಿಂತ ಹಿಂದಿನ ಕೆಲವು ಬಯಾಸ್‌ಗಳು 33.8 ಜಿಬಿಗಿಂತ ದೊಡ್ಡ ಡಿಸ್ಕ್ ಕಂಡರೆ ಅಲ್ಲೇ ನಿಂತುಬಿಡುತ್ತವೆ. ಆ ಕಾಲದ ಅನೇಕ ಐಡಿಇ ಡಿಸ್ಕ್‌ಗಳಲ್ಲಿ ಗಾತ್ರವನ್ನು 32 ಜಿಬಿಗೆ ಇಳಿಸಿ ತೋರಿಸುವ ಜಂಪರ್ ಇರುವುದು ಅದಕ್ಕೇ. ಹಳೆಯ ಡಿಸ್ಕ್ ಕೊಂಡು ತಂದು ಅದು ಅರ್ಧವೂ ಇಲ್ಲ ಎನಿಸಿದರೆ ಮೊದಲು ಆ ಜಂಪರ್ ನೋಡಿ.

ಮುಂದಿನ ಗೋಡೆ 137 ಜಿಬಿ, 28 ಬಿಟ್‌ನ ಎಲ್‌ಬಿಎಯದು. ಸರ್ವಿಸ್ ಪ್ಯಾಕ್ ಇಲ್ಲದ ಮೂಲ ಎಕ್ಸ್‌ಪಿ ಇಲ್ಲಿಗೇ ನಿಲ್ಲುತ್ತದೆ. 48 ಬಿಟ್‌ನ ಎಣಿಕೆ ಅದಕ್ಕೆ ಬಂದದ್ದು ಸರ್ವಿಸ್ ಪ್ಯಾಕ್ 1ರಿಂದ. ಡ್ರಾಯರ್‌ನಲ್ಲಿ ಬಿದ್ದಿರುವ ಮೊದಲ ಆವೃತ್ತಿಯ ಸಿಡಿಯಿಂದ ದೊಡ್ಡ ಡಿಸ್ಕ್ ಮೇಲೆ ಎಕ್ಸ್‌ಪಿ ಹಾಕಲು ಹೋಗಬೇಡಿ, ಸರ್ವಿಸ್ ಪ್ಯಾಕ್ 2 ಅಥವಾ 3 ಸೇರಿರುವ ಸಿಡಿಯನ್ನೇ ಹುಡುಕಿ.

ಮೂರನೆಯದು 2.2 ಟಿಬಿ. ಇಲ್ಲಿ 32 ಬಿಟ್‌ನ ಸಂಖ್ಯೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 3 ಟಿಬಿ ಡಿಸ್ಕ್ ಹಳೆಯ ಯಂತ್ರದಲ್ಲಿ 746 ಜಿಬಿ ಎಂದು ಕಾಣಿಸಿಕೊಂಡರೆ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಕಾಗಿಲ್ಲ. ಒಟ್ಟು 5860533168 ಸೆಕ್ಟರ್‌ಗಳಲ್ಲಿ 4294967296 ಕಳೆದು ಉಳಿದದ್ದೇ ಆ 746. ಇಂಥ ಸ್ಥಿತಿಯಲ್ಲಿ ಏನನ್ನೂ ಬರೆಯಬೇಡಿ. ಗಡಿ ದಾಟಿದ ಬರಹ ಡಿಸ್ಕ್‌ನ ಆರಂಭಕ್ಕೇ ಹೋಗಿ ಕೂರುವ ಅಪಾಯವಿದೆ.

ಬಯಾಸ್ ಸೆಟಪ್‌ನಲ್ಲಿ ಡಿಸ್ಕ್ ಎಣಿಸುವ ವಿಧಾನಕ್ಕೆ ನಾರ್ಮಲ್, ಲಾರ್ಜ್, ಎಲ್‌ಬಿಎ, ಆಟೋ ಎಂಬ ಆಯ್ಕೆಗಳು ಕಂಡರೆ ಹೊಸ ಇನ್‌ಸ್ಟಾಲ್‌ಗೆ ಎಲ್‌ಬಿಎ. ಮಾಹಿತಿ ಇರುವ ಡಿಸ್ಕ್ ಆದರೆ ಮೊದಲು ಯಾವುದಿತ್ತೋ ಅದೇ ಇರಲಿ.

ಹಂತ 3: ಎಂಬಿಆರ್ ಅಥವಾ ಜಿಪಿಟಿ

ಪಾರ್ಟಿಷನ್ ಪಟ್ಟಿಯಲ್ಲಿ ಎರಡು ಬಗೆ, ಹಳೆಯ ಎಂಬಿಆರ್ ಮತ್ತು ಹೊಸ ಜಿಪಿಟಿ. ಎಂಬಿಆರ್ ಡಿಸ್ಕ್‌ನ ಮೊದಲ ಸೆಕ್ಟರ್‌ನಲ್ಲಿ ಕೂರುತ್ತದೆ. ನಾಲ್ಕು ಪ್ರೈಮರಿ ಪಾರ್ಟಿಷನ್‌ಗಳಿಗಷ್ಟೇ ಅದರಲ್ಲಿ ಜಾಗ, ಒಂದೊಂದಕ್ಕೂ 16 ಬೈಟ್. ಆರಂಭ ಮತ್ತು ಉದ್ದ 32 ಬಿಟ್‌ನಲ್ಲಿ ಇರುವುದರಿಂದ 2.2 ಟಿಬಿ ಮಿತಿ ಇಲ್ಲಿಯೂ ಬರುತ್ತದೆ. ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ಪಾರ್ಟಿಷನ್‌ಗಳಿಗೆ ಜಾಗ. ಪಟ್ಟಿಯ ಒಂದು ಪ್ರತಿ ಡಿಸ್ಕ್‌ನ ಆರಂಭದಲ್ಲಿ, ಇನ್ನೊಂದು ಪ್ರತಿ ತುದಿಯಲ್ಲಿ. ಆರಂಭದ್ದು ಕೆಟ್ಟರೂ ತುದಿಯದರಿಂದ ಕಟ್ಟಿಕೊಳ್ಳಬಹುದು.

ಯಂತ್ರದಲ್ಲಿ ಯುಇಎಫ್‌ಐ ಇದ್ದು, ಹಾಕುವುದು 64 ಬಿಟ್‌ನ ವಿಂಡೋಸ್ 10, 11 ಅಥವಾ ಈಗಿನ ಲಿನಕ್ಸ್ ಆದರೆ ಯೋಚನೆ ಬೇಡ, ಜಿಪಿಟಿ. ಹಳೆಯ ಬಯಾಸ್ ಮಾತ್ರ ಇದ್ದು ವಿಂಡೋಸ್ ಬೂಟ್ ಆಗಬೇಕಾದರೆ ಎಂಬಿಆರ್‌ಗೆ ಬದಲಿ ಇಲ್ಲ, ಏಕೆಂದರೆ ವಿಂಡೋಸ್ ಜಿಪಿಟಿ ಡಿಸ್ಕ್‌ನಿಂದ ಏಳಲು ಯುಇಎಫ್‌ಐ ಕೇಳುತ್ತದೆ. ಹಳೆಯ ಬಯಾಸ್‌ನಲ್ಲಿ ಲಿನಕ್ಸ್ ಮಾತ್ರ ಹಾಕುವವರು ಜಿಪಿಟಿ ಬಳಸಬಹುದು. ಲಿನಕ್ಸನ್ನು ಎಬ್ಬಿಸುವ ಗ್ರಬ್‌ಗೆಂದು 1 ಮೆಬಿಬೈಟ್‌ನ ಚಿಕ್ಕ ಪಾರ್ಟಿಷನ್ ಮಾಡಿ ಅದಕ್ಕೆ ಬಯಾಸ್ ಗ್ರಬ್ ಎಂಬ ಗುರುತು ಹಾಕಬೇಕು. ಎಂಬಿಆರ್‌ನಲ್ಲಿ ಗ್ರಬ್ ತನ್ನ ಒಂದು ಭಾಗವನ್ನು ಮೊದಲ ಪಾರ್ಟಿಷನ್‌ಗೆ ಮುಂಚಿನ ಖಾಲಿ ಜಾಗದಲ್ಲಿ ತುರುಕುತ್ತದೆ. 63ರ ರೂಢಿಯಲ್ಲಿ ಅಲ್ಲಿ ಸಿಗುವುದು 62 ಸೆಕ್ಟರ್, 31 ಕೆಬಿ. ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ಎಲ್‌ವಿಎಂ, ರೇಡ್ ಮುಂತಾದವುಗಳ ಜೊತೆ ಗ್ರಬ್ ಅಷ್ಟರಲ್ಲಿ ಹಿಡಿಯದೆ ಜಾಗ ಸಾಲದು ಎಂದು ಗೊಣಗಬಹುದು. 2048ರಿಂದ ಆರಂಭಿಸಿದವರಿಗೆ ಆ ತೊಂದರೆಯೂ ತಪ್ಪುತ್ತದೆ.

ಹಂತ 4: ಗೆರೆ ಎಳೆಯುವುದು

ಪಾರ್ಟಿಷನ್ ಹಾಕುವ ಲಿನಕ್ಸ್ ತಂತ್ರಾಂಶ ಜಿಪಾರ್ಟೆಡ್‌ನಲ್ಲಿ ಹೊಸ ಪಾರ್ಟಿಷನ್ ಮಾಡುವಾಗ ಹೊಂದಾಣಿಕೆ ಯಾವುದಕ್ಕೆ ಎಂಬ ಪೆಟ್ಟಿಗೆಯಲ್ಲಿ ಮೂರು ಆಯ್ಕೆ ಬರುತ್ತದೆ: ಸಿಲಿಂಡರ್, ಮೆಬಿಬೈಟ್, ಯಾವುದೂ ಇಲ್ಲ. ಮೆಬಿಬೈಟ್ ಇರಲಿ. ಸಿಲಿಂಡರ್ ಎಂಬುದು ಡಾಸ್ ಕಾಲದ ತಂತ್ರಾಂಶಗಳಿಗಾಗಿ ಉಳಿಸಿಕೊಂಡ ಆಯ್ಕೆ; ಅದನ್ನು ಒತ್ತಿದರೆ ಮತ್ತೆ 63ಕ್ಕೇ ಬರುತ್ತೀರಿ. ಪ್ರತಿ ಪಾರ್ಟಿಷನ್‌ನ ಗಾತ್ರವನ್ನು ಪೂರ್ಣ ಮೆಬಿಬೈಟ್‌ಗಳಲ್ಲೇ ಕೊಟ್ಟರೆ ಮುಂದಿನದರ ಆರಂಭವೂ ತಾನೇ ಸರಿಹೋಗುತ್ತದೆ.

ಯುಇಎಫ್‌ಐ ಆದರೆ ಮೊದಲಿಗೆ ಬೂಟ್ ಕಡತಗಳನ್ನಿಡುವ ಇಎಫ್‌ಐ ಪಾರ್ಟಿಷನ್. 512 ಬೈಟ್ ಎಂದು ಹೇಳುವ ಡಿಸ್ಕ್‌ನಲ್ಲಿ ವಿಂಡೋಸ್‌ಗೆ 100 ಎಂಬಿ ಸಾಕು. 4ಕೆಎನ್ ಡಿಸ್ಕ್‌ನಲ್ಲಿ ಸಾಲದು, ಕನಿಷ್ಠ 260 ಎಂಬಿ ಬೇಕು. ಈ ಪಾರ್ಟಿಷನ್ ಬಳಸುವ ಕಡತ ವ್ಯವಸ್ಥೆ ಫ್ಯಾಟ್32 ಎನಿಸಿಕೊಳ್ಳಲು ಇಂತಿಷ್ಟು ಕ್ಲಸ್ಟರ್ ಇರಲೇಬೇಕೆಂಬ ನಿಯಮವಿದೆ, ಕ್ಲಸ್ಟರ್ ಒಂದು ಸೆಕ್ಟರ್‌ಗಿಂತ ಚಿಕ್ಕದಾಗುವಂತಿಲ್ಲ. ಸೆಕ್ಟರ್ 4096 ಆದಾಗ ಆ ಗುಣಾಕಾರ 256 ಎಂಬಿ ಹತ್ತಿರ ಬಂದು ನಿಲ್ಲುತ್ತದೆ. ಯಾವ ಡಿಸ್ಕ್ ಆದರೂ ನಾನು 512 ಎಂಬಿ ಕೊಡುವುದನ್ನೇ ಇಷ್ಟಪಡುತ್ತೇನೆ, ಮುಂದೆ ಲಿನಕ್ಸ್ ಸೇರಿಸಬೇಕೆನಿಸಿದರೆ ಜಾಗಕ್ಕೆ ಪರದಾಡಬೇಕಾಗುವುದಿಲ್ಲ.

ಆಮೇಲೆ ಯಾವುದನ್ನು ಎಲ್ಲಿಡಬೇಕು ಎಂಬ ಪ್ರಶ್ನೆ. ತಿರುಗುವ ಡಿಸ್ಕ್‌ನಲ್ಲಿ ಎಲ್‌ಬಿಎ ಸೊನ್ನೆ ತಟ್ಟೆಯ ಹೊರ ಅಂಚಿನಲ್ಲಿರುತ್ತದೆ. ಅಲ್ಲಿ ಒಂದೇ ಸುತ್ತಿನಲ್ಲಿ ಹೆಚ್ಚು ಸೆಕ್ಟರ್‌ಗಳು ಹೆಡ್‌ನ ಕೆಳಗೆ ಹಾಯುತ್ತವೆ. ಒಳ ಅಂಚಿಗೆ ಹೋಗುವಷ್ಟರಲ್ಲಿ ಸಾಲಾಗಿ ಓದುವ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಆಪರೇಟಿಂಗ್ ಸಿಸ್ಟಂ ಮತ್ತು ದಿನವಿಡೀ ಬಳಸುವ ಡೇಟಾಬೇಸ್ ಆರಂಭದಲ್ಲಿ, ಹಳೆಯ ವರ್ಷಗಳ ಲೆಕ್ಕ, ಮದುವೆ ಫೋಟೊ, ಬ್ಯಾಕಪ್ ಕೊನೆಯಲ್ಲಿ. ಇನ್ನೊಂದು ಅನುಕೂಲವಿದೆ: ದಿನದ ಕೆಲಸವೆಲ್ಲ 60–80 ಜಿಬಿಯೊಳಗಿನ ಒಂದು ಪಾರ್ಟಿಷನ್‌ನಲ್ಲಿ ಮುಗಿದರೆ ಹೆಡ್ ದೂರ ಓಡಾಡಬೇಕಾಗಿಲ್ಲ. ಒಂದೇ ಡಿಸ್ಕನ್ನು ಸಿ, ಡಿ, ಇ, ಎಫ್ ಎಂದು ಸಮನಾಗಿ ನಾಲ್ಕು ಪಾಲು ಮಾಡಿಕೊಡುವ ಚಾಳಿ ನಮ್ಮ ಕಡೆಯ ಅಂಗಡಿಗಳಲ್ಲಿ ಬಹಳ. ತಂತ್ರಾಂಶ ಸಿಯಲ್ಲಿ, ಅದರ ಮಾಹಿತಿ ಎಫ್‌ನಲ್ಲಿ ಇದ್ದರೆ ಹೆಡ್ ಇಡೀ ದಿನ ಹೊರಗಿಂದ ಒಳಕ್ಕೆ, ಒಳಗಿಂದ ಹೊರಕ್ಕೆ ಅಲೆಯುತ್ತಿರುತ್ತದೆ. ಎರಡು ಪಾಲು ಸಾಕು.

ಎಸ್‌ಎಸ್‌ಡಿಯಲ್ಲಿ ತಟ್ಟೆಯೇ ಇಲ್ಲ, ಹೊರ ಅಂಚು ಒಳ ಅಂಚು ಎಂಬ ಮಾತೂ ಇಲ್ಲ. 2048ರ ನಿಯಮ ಮಾತ್ರ ಅದಕ್ಕೂ ಇರಲಿ, ಒಳಗಿನ ಪುಟಗಳ ಗಡಿಗೆ ಅದು ಹೊಂದುತ್ತದೆ.

ಹಂತ 5: ಎಕ್ಸ್‌ಪಿಯೇ ಬೇಕು ಎನ್ನುವವರಿಗೆ

ಹೊಸ ಡಿಸ್ಕ್ ಮೇಲೆ ಎಕ್ಸ್‌ಪಿಯ ಸೆಟಪ್‌ಗೇ ಪಾರ್ಟಿಷನ್ ಮಾಡಲು ಬಿಡಬೇಡಿ. ಮೊದಲು ಜಿಪಾರ್ಟೆಡ್ ಲೈವ್ ಎಬ್ಬಿಸಿ, ಎಂಬಿಆರ್ ಪಟ್ಟಿ ಮಾಡಿ. ಅಲ್ಲಿ ಅದರ ಹೆಸರು ಎಂಎಸ್‌ಡಾಸ್ ಎಂದಿರುತ್ತದೆ. 1 ಮೆಬಿಬೈಟ್ ಬಿಟ್ಟು ಎನ್‌ಟಿಎಫ್‌ಎಸ್ ಪ್ರೈಮರಿ ಪಾರ್ಟಿಷನ್ ಮಾಡಿ, ಬೂಟ್ ಗುರುತು ಹಾಕಿ. ಬಯಾಸ್‌ನಲ್ಲಿ ಸಾಟಾ ವಿಧಾನ ಎಎಚ್‌ಸಿಐ ಇದ್ದರೆ ಐಡಿಇಗೆ ಬದಲಿಸಿ, ಎಕ್ಸ್‌ಪಿ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರ್ ಇರುವುದಿಲ್ಲ. ನಂತರ ಎಕ್ಸ್‌ಪಿ ಸಿಡಿ ಹಾಕಿ, ಈಗಾಗಲೇ ಇರುವ ಪಾರ್ಟಿಷನ್ನನ್ನು ಆರಿಸಿ. ಅಳಿಸಿ ಮತ್ತೆ ಮಾಡುವ ಆಯ್ಕೆಯತ್ತ ಹೋಗದೆ, ಬೇಕಿದ್ದರೆ ಫಾರ್ಮ್ಯಾಟ್ ಮಾತ್ರ ಮಾಡಿ. ಗಡಿ ಇದ್ದಲ್ಲೇ ಇರುತ್ತದೆ.

ಎಕ್ಸ್‌ಪಿ ಎದ್ದ ಮೇಲೆ ಅದರ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಪಾರ್ಟಿಷನ್ ಸೇರಿಸುವುದು, ತೆಗೆಯುವುದು ಬೇಡ. 1 ಮೆಬಿಬೈಟ್ ಲೆಕ್ಕದಲ್ಲಿ ಮಾಡಿದ ಎಕ್ಸ್‌ಟೆಂಡೆಡ್ ಪಾರ್ಟಿಷನ್ (ಲಾಜಿಕಲ್ ಡ್ರೈವ್ ಎಂಬ ಒಳಪಾಲುಗಳನ್ನು ಹಿಡಿಯುವ ಪಾಲು) ಒಳಗೆ ಎಕ್ಸ್‌ಪಿ ತನ್ನ ಸಿಲಿಂಡರ್ ಲೆಕ್ಕ ತಂದು ಬರೆದರೆ ಲಾಜಿಕಲ್ ಡ್ರೈವ್‌ಗಳು ಪಟ್ಟಿಯಿಂದ ಕಣ್ಮರೆಯಾಗಬಹುದು. ವಿಂಡೋಸ್ 7 ಜೊತೆಗೆ ಎಕ್ಸ್‌ಪಿಯನ್ನೂ ಇಟ್ಟುಕೊಂಡವರಿಗೆ ಇದು ಮುಖ್ಯ.

ಹಳೆಯ ಡಿಸ್ಕ್‌ನಿಂದ ಮಾಹಿತಿ ತೆಗೆಯುವಾಗ

ಮುದ್ರಣಾಲಯದವರು ಕಪಾಟಿನಿಂದ ತೆಗೆದು ತರುವ 1990ರ ದಶಕದ ಡಿಸ್ಕ್‌ಗಳ ಕಥೆ ಬೇರೆ. ಅಲ್ಲಿ ಜ್ಯಾಮಿತಿ, ಅಂದರೆ ಸಿಲಿಂಡರ್, ಹೆಡ್, ಸೆಕ್ಟರ್ ಲೆಕ್ಕ, ಸುಳ್ಳಾದರೂ ಆ ಸುಳ್ಳನ್ನು ಹಾಗೆಯೇ ಕಾಪಾಡಿಕೊಳ್ಳಬೇಕಾಗುತ್ತದೆ. ಒಂದು ಯಂತ್ರದಲ್ಲಿ ಲಾರ್ಜ್ ವಿಧಾನದಲ್ಲಿ ಪಾರ್ಟಿಷನ್ ಮಾಡಿದ ಡಿಸ್ಕನ್ನು ಎಲ್‌ಬಿಎ ವಿಧಾನದ ಯಂತ್ರಕ್ಕೆ ಹಾಕಿದರೆ ಅದೇ ಸಿಲಿಂಡರ್, ಹೆಡ್, ಸೆಕ್ಟರ್ ಬೇರೆ ಜಾಗವನ್ನು ತೋರಿಸುತ್ತದೆ. ಡಾಸ್ ಏಳುವುದಿಲ್ಲ, ಎದ್ದರೂ ಕಡತಗಳ ಹೆಸರಿನ ಜಾಗದಲ್ಲಿ ಕಸ ಕಾಣುತ್ತದೆ. ಆಗ ಡಿಸ್ಕ್‌ನ ದೋಷ ಹುಡುಕುವ ಸ್ಕ್ಯಾನ್‌ಡಿಸ್ಕ್ ಓಡಿಸಿದರೆ ಸರಿಯಿದ್ದ ಮಾಹಿತಿಯನ್ನೂ ಅದು ‘ಸರಿಪಡಿಸಿ’ ಹಾಳು ಮಾಡುತ್ತದೆ.

528 ಎಂಬಿಗಿಂತ ಚಿಕ್ಕದಾದ ತೀರ ಹಳೆಯ ಕೆಲವು ಡಿಸ್ಕ್‌ಗಳಿಗೆ ಎಲ್‌ಬಿಎ ಎಂದರೇನೆಂದೇ ಗೊತ್ತಿಲ್ಲ. ಯುಎಸ್‌ಬಿಯಿಂದ ಐಡಿಇಗೆ ಬದಲಿಸುವ ಅಗ್ಗದ ಅಡಾಪ್ಟರ್‌ಗಳಲ್ಲಿ ಹಲವು ಎಲ್‌ಬಿಎ ಬಿಟ್ಟು ಬೇರೆ ಮಾತಾಡುವುದಿಲ್ಲ. ಡಿಸ್ಕ್ ತಿರುಗುತ್ತದೆ, ಸದ್ದು ಕೇಳುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ಡಿಸ್ಕ್ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಐಡಿಇ ಕನೆಕ್ಟರ್ ಇರುವ ಹಳೆಯ ಮದರ್‌ಬೋರ್ಡ್ ಹುಡುಕಿ, ಲೇಬಲ್ ಮೇಲಿನ ಸಿಲಿಂಡರ್, ಹೆಡ್, ಸೆಕ್ಟರ್ ಸಂಖ್ಯೆಗಳನ್ನು ಬಯಾಸ್‌ನಲ್ಲಿ ಕೈಯಾರೆ ತುಂಬಿ, ನಾರ್ಮಲ್ ವಿಧಾನದಲ್ಲಿ ನೋಡಿ. ಕಂಡ ಕೂಡಲೇ ಕಡತಗಳನ್ನು ತೆರೆಯುತ್ತಾ ಕೂರದೆ ಮೊದಲು ಇಡೀ ಡಿಸ್ಕ್‌ನ ಪ್ರತಿ ತೆಗೆದುಕೊಳ್ಳಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಇದಕ್ಕೆ ಒಳ್ಳೆಯದು, ಓದಲಾಗದ ಸೆಕ್ಟರ್‌ಗಳನ್ನು ಬಿಟ್ಟು ಮುಂದೆ ಹೋಗಿ ಆಮೇಲೆ ಅವುಗಳಿಗೆ ಮರಳುತ್ತದೆ. 500 ಎಂಬಿಯ ಪ್ರತಿ ಇಂದಿನ ಯಾವ ಪೆನ್‌ಡ್ರೈವ್‌ನಲ್ಲಾದರೂ ಹಿಡಿಯುತ್ತದೆ. ಮುಂದಿನ ಪ್ರಯೋಗವೆಲ್ಲ ಆ ಪ್ರತಿಯ ಮೇಲೆ ನಡೆಯಲಿ.

ಹಂತ 6: ಪರೀಕ್ಷೆ, ಮತ್ತು ತಪ್ಪಿದ್ದರೆ ತಿದ್ದುವುದು

ವಿಂಡೋಸ್‌ನಲ್ಲಿ ಸಿಸ್ಟಂ ಇನ್‌ಫರ್ಮೇಶನ್ ತೆರೆದು, ಸ್ಟೋರೇಜ್ ಕೆಳಗೆ ಡಿಸ್ಕ್ಸ್ ಒತ್ತಿ. ಪಾರ್ಟಿಷನ್ ಸ್ಟಾರ್ಟಿಂಗ್ ಆಫ್‌ಸೆಟ್ ಎಂಬ ಸಾಲಿನಲ್ಲಿ 32256 ಬೈಟ್ ಎಂದಿದ್ದರೆ ಅದು 63ನೇ ಸೆಕ್ಟರ್. 1048576 ಎಂದಿದ್ದರೆ 2048ನೇ ಸೆಕ್ಟರ್. ಬೇರೆ ಸಂಖ್ಯೆ ಇದ್ದರೆ 4096ರಿಂದ ಭಾಗಿಸಿ, ಶೇಷ ಉಳಿಯದಿದ್ದರೆ ಸಾಕು. ಲಿನಕ್ಸ್‌ನಲ್ಲಿ ಪಾರ್ಟೆಡ್‌ಗೆ ಹೊಂದಾಣಿಕೆ ಪರೀಕ್ಷಿಸುವ ಆದೇಶವಿದೆ, ಪಾರ್ಟಿಷನ್ ಸಂಖ್ಯೆ ಕೊಟ್ಟರೆ ಸರಿಯಿದೆಯೋ ಇಲ್ಲವೋ ಎಂದು ಒಂದೇ ಸಾಲಿನಲ್ಲಿ ಹೇಳುತ್ತದೆ.

ಹಳೆಯ ಡಿಸ್ಕನ್ನು ಹೊಸದಕ್ಕೆ ಹಾಗೆಯೇ ಕ್ಲೋನ್ ಮಾಡಿಸಿದವರು ಇದನ್ನು ತಪ್ಪದೆ ನೋಡಬೇಕು. ಸೆಕ್ಟರ್‌ಗೆ ಸೆಕ್ಟರ್ ನಕಲು ಮಾಡುವ ತಂತ್ರಾಂಶ 63ನ್ನೂ ಜೊತೆಗೇ ತರುತ್ತದೆ. ಮದ್ದೂರಿನ ಆ ವೇಬ್ರಿಡ್ಜ್‌ನಲ್ಲಿ ಆಗಿದ್ದು ಇದೇ.

ತಿದ್ದಲು ಮರು ಇನ್‌ಸ್ಟಾಲ್ ಬೇಕಾಗಿಲ್ಲ. ಮೊದಲು ಬ್ಯಾಕಪ್. ನಂತರ ಜಿಪಾರ್ಟೆಡ್‌ನಲ್ಲಿ ಪಾರ್ಟಿಷನ್‌ನ ಕೊನೆಯಲ್ಲಿ ಸ್ವಲ್ಪ ಕುಗ್ಗಿಸಿ, ಮುಂದೆ 1 ಮೆಬಿಬೈಟ್ ಜಾಗ ಬರುವಂತೆ ಸರಿಸಿ, ಮೆಬಿಬೈಟ್ ಹೊಂದಾಣಿಕೆ ಆರಿಸಿ ಜಾರಿಗೊಳಿಸಿ. ಒಳಗಿನ ಪ್ರತಿ ಬೈಟೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಬೇಕಾದ್ದರಿಂದ ನೂರಾರು ಜಿಬಿ ಇದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ. ನಡುವೆ ಕರೆಂಟು ಹೋದರೆ ಪಾರ್ಟಿಷನ್ ಅರ್ಧ ಇಲ್ಲಿ, ಅರ್ಧ ಅಲ್ಲಿ. ಯುಪಿಎಸ್ ಬ್ಯಾಟರಿ ಐದೇ ನಿಮಿಷ ನಿಲ್ಲುವ ಊರುಗಳಲ್ಲಿ ಈ ಕೆಲಸವನ್ನು ಸ್ಥಳದಲ್ಲೇ ಮಾಡದೆ, ಡಿಸ್ಕನ್ನು ಇನ್ವರ್ಟರ್ ಇರುವ ಕಡೆಗೆ ಒಯ್ದು ಮಾಡಿ. ಸರಿಸಿದ ಮೇಲೆ ವಿಂಡೋಸ್ ಏಳದಿರಬಹುದು, ಬೂಟ್ ಸೆಕ್ಟರ್‌ನಲ್ಲಿ ಪಾರ್ಟಿಷನ್ ಎಲ್ಲಿ ಆರಂಭವಾಗುತ್ತದೆ ಎಂಬ ಹಳೆಯ ಸಂಖ್ಯೆಯೇ ಉಳಿದಿದ್ದರೆ ಹಾಗಾಗುತ್ತದೆ. ಎಕ್ಸ್‌ಪಿ ಆದರೆ ಸಿಡಿಯ ರಿಕವರಿ ಕನ್ಸೋಲ್‌ನಿಂದ ಫಿಕ್ಸ್‌ಬೂಟ್, ವಿಂಡೋಸ್ 7 ಆದರೆ ಡಿವಿಡಿಯ ಸ್ಟಾರ್ಟಪ್ ರಿಪೇರಿ ಸಾಕಾಗುತ್ತದೆ.

ಎಲ್ಲ ಮುಗಿದ ಮೇಲೆ ಲಿನಕ್ಸ್ ಲೈವ್‌ನಲ್ಲಿ ಎಸ್‌ಎಫ್‌ಡಿಸ್ಕ್ ಎಂಬ ಆದೇಶದಿಂದ ಪಾರ್ಟಿಷನ್ ಪಟ್ಟಿಯನ್ನು ಒಂದು ಪಠ್ಯ ಕಡತಕ್ಕೆ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಇಡಿ. ಹತ್ತು ಸಾಲಿನ ಕಡತ ಅದು. ಮುಂದೆ ಯಾರಾದರೂ ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಹಾಕಿ ಪಟ್ಟಿ ಅಳಿಸಿಕೊಂಡು ಬಂದರೆ, ಫಾರ್ಮ್ಯಾಟ್ ಮಾಡದಿದ್ದರೆ ಸಾಕು, ಅದೇ ಕಡತವನ್ನು ಎಸ್‌ಎಫ್‌ಡಿಸ್ಕ್‌ಗೆ ಮರಳಿ ಕೊಟ್ಟು ಗಡಿಗಳನ್ನು ಇದ್ದಲ್ಲೇ ಹಾಕಿಕೊಳ್ಳಬಹುದು.